ನೆತ್ತಿಗೆ ಹಾಕೋ ಎಣ್ಣೆ

ಬೊಮ್ಮಕ್ಕನಿಗೆ ಮೊದಲು ಹೆದರಿಕೆ ಹುಟ್ಟಿಸಿದ್ದು ಪಿಸ್ತೂಲಲ್ಲ, ಕೋಳಿ. ಕೊಟ್ಟಿಗೆ ಗುಡಿಸಿ ಹಿತ್ತಲಿಗೆ ಬಂದರೆ, ಹುಟ್ಟಿದಾಗಿನಿಂದ ಒಂದು ಕೋಳಿಯನ್ನೂ ಶೂ ಅನ್ನದ ಗಂಡ ಮೂಡಲಗಿರಿಯಪ್ಪ ಟವೆಲ್ ಬೀಸಿಕೊಂಡು ಎಲ್ಲ ಕೋಳಿಗಳನ್ನೂ ಬೇಲಿಯಾಚೆ ಅಟ್ಟುತ್ತಿದ್ದ. ಕಟ್ಟಿದ್ದ ಮೇಕೆಯನ್ನೂ ಬಿಚ್ಚಿ ಬೀದಿಗೆ ಬಿಟ್ಟಿದ್ದ. ಹಿತ್ತಲ ಮಣ್ಣಿನ ಗೋಡೆಗೆ ಮುಖ ಮಾಡಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಹಳೇ ಪಂಚೆ, ಪಂಚೆಯ ಮೇಲೆ ಪಿಸ್ತೂಲು.

ಪಿಸ್ತೂಲು ಅಂತ ಕರೆಯುವುದು ಊರಿನವರು. ಲೈಸೆನ್ಸಿನಲ್ಲಿ ಅದು ರಿವಾಲ್ವರು. ಬೊಮ್ಮಕ್ಕನ ಮಾವ ಚಿಕ್ಕನರಸಯ್ಯ ಬದುಕಿದ್ದಾಗ ಕಡಲೆಕಾಯಿ ವ್ಯಾಪಾರ ಮಾಡುತ್ತಿದ್ದ. ಶಿರಾ, ಪಾವಗಡ ಅಂತ ಸಂತೆ ತಿರುಗುವ ಮನುಷ್ಯ, ಸೊಂಟದಲ್ಲಿ ಇದು ಇರುತ್ತಿತ್ತು. ಮಾವ ಸತ್ತ ಮೇಲೆ ಲೈಸೆನ್ಸು ದೊಡ್ಡಮಗನ ಹೆಸರಿಗೆ ಬಂತು. ಮೂಡಲಗಿರಿಯಪ್ಪನಿಗೆ ಕಾಯಬೇಕಾದ ಗಂಟು ಯಾವುದೂ ಇರಲಿಲ್ಲ. ಆದರೂ ಬಡವನಹಳ್ಳಿ ಸುತ್ತ ಯಾರ ಮನೆಯಲ್ಲೂ ಇಲ್ಲದ್ದು ತನ್ನ ಬೀರುವಿನಲ್ಲಿದೆ ಅನ್ನುವ ಗತ್ತು ಬೇಕಲ್ಲ, ಅದಕ್ಕೆ ಇಟ್ಟುಕೊಂಡಿದ್ದ. ವರ್ಷಕ್ಕೊಂದು ಸಲ ಆಯುಧಪೂಜೆಗೆ ಹೊರಕ್ಕೆ ಬಂದು, ನೇಗಿಲು, ಕುಡುಗೋಲು, ಟ್ರ್ಯಾಕ್ಟರಿನ ಪಕ್ಕ ಕೂತು ಎಣ್ಣೆ ಹಚ್ಚಿಸಿಕೊಂಡು, ಅರಿಶಿನ ಕುಂಕುಮ ಇಡಿಸಿಕೊಂಡು ಮತ್ತೆ ಬೀರು ಸೇರುತ್ತಿತ್ತು.

ಈಗ ಪಂಚಾಯ್ತಿ ಚುನಾವಣೆ ಬಂದಿತ್ತು. ಲೈಸೆನ್ಸು ಇದ್ದವರೆಲ್ಲ ಬಂದೂಕು ತಂದು ಠಾಣೆಗೆ ಒಪ್ಪಿಸಬೇಕು, ಖಾಲಿ ಮಾಡಿ ತರಬೇಕು ಅಂತ ಫೋನು ಬಂದು ಒಂದು ವಾರವಾಗಿತ್ತು. ಇವನು ಇವತ್ತು ನಾಳೆ ಅಂತ ದಿನ ತಳ್ಳಿದ್ದ. ಯಾಕೆ ಅಂತ ಈಗ ಬೊಮ್ಮಕ್ಕನಿಗೆ ಕಾಣುತ್ತಿತ್ತು. ಪಿಸ್ತೂಲು ತೆರೆಯುತ್ತಿರಲಿಲ್ಲ. ಮೇಲಿನ ಕೊಕ್ಕೆ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ, ಗುಂಡು ಇಡುವ ಚಕ್ರ ಬಾಯಿ ಬಿಡಬೇಕು. ಹಿಂದಿನ ಚುನಾವಣೆಯಲ್ಲಿ ಕೊಟ್ಟು ತಂದಾಗಲೂ ಬಿಗಿಯಾಗಿತ್ತು, ಆದರೆ ಬಿಟ್ಟಿತ್ತು. ಈಗ ಕೊಕ್ಕೆ ಜಪ್ಪಯ್ಯ ಅನ್ನಲಿಲ್ಲ.

ಸ್ಟೂಲಿನ ಎರಡೂ ಬದಿಗೆ ಅವನು ಒಂದು ಅಂಗಡಿಯನ್ನೇ ಇಟ್ಟಿದ್ದ. ಕ್ವಾರ್ಟರ್ ಬಾಟಲಿಯಲ್ಲಿ ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಟ್ರ್ಯಾಕ್ಟರಿನ ಗ್ರೀಸು ಡಬ್ಬಿ, ಪಂಪ್‌ಸೆಟ್ಟಿನ ಡೀಸೆಲ್ಲು, ಮಧುಗಿರಿಯ ಹಾರ್ಡ್‌ವೇರ್ ಅಂಗಡಿಯಿಂದ ತಂದ, ತುಕ್ಕಿಗೆ ಹೊಡೆಯುವ ಸ್ಪ್ರೇ. ಒಂದಾದ ಮೇಲೆ ಒಂದು ಹಚ್ಚಿ, ಒರೆಸಿ, ಕೊಕ್ಕೆ ಒತ್ತುತ್ತಿದ್ದ.

"ಏನ್ ಮಾಡ್ತಿದ್ದೀಯ?"

"ಕಾಣಾಕಿಲ್ವ? ಕ್ಲೀನ್ ಮಾಡ್ತಿದ್ದೀನಿ. ಒಳಕ್ಕೋಗು."

"ಖಾಲಿ ತಾನೆ ಅದು?"

"ಖಾಲಿ."

"ಖಾಲಿ ಪಿಸ್ತೂಲಿಗೆ ಕೋಳಿ ಯಾಕೆ ಓಡುಸ್ತಿದ್ದೀಯ?"

ಮೂಡಲಗಿರಿಯಪ್ಪ ತಲೆ ಎತ್ತಿದ. ಅವನ ಕಣ್ಣು ಕಂಡು ಬೊಮ್ಮಕ್ಕನ ಕೈಲಿದ್ದ ಪೊರಕೆ ತಾನಾಗಿಯೇ ಕೆಳಗಿಳಿಯಿತು. ಕೋಪದ ಕಣ್ಣಾಗಿದ್ದರೆ ಅವಳಿಗೆ ಅಭ್ಯಾಸವಿತ್ತು. ಗಂಡನ ಕೋಪಕ್ಕೆ ತನ್ನ ಕೋಪ ಎದುರಿಟ್ಟೇ ಅವಳು ಇಷ್ಟು ವರ್ಷ ಬಾಳುವೆ ಮಾಡಿದ್ದಳು. ಇದು ಕೋಪವಲ್ಲ.

"ಒಳಕ್ಕೋಗು ಅಂದೆ ಕಣೇ," ಅಂದ ಮೆಲ್ಲಗೆ.

ಅವಳು ಹೋಗಲಿಲ್ಲ. ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಖಾಲಿ ಅನ್ನುವವನು ಪಿಸ್ತೂಲಿನ ಮುಂದೆ ಒಂದು ಸಲವೂ ಕೈ ತರಲಿಲ್ಲ. ಡೀಸೆಲ್ಲಿನ ಬಾಟಲಿ ಆಚೆ ಬದಿಯಲ್ಲಿತ್ತು. ಅದನ್ನು ತೆಗೆದುಕೊಳ್ಳಲು ಸ್ಟೂಲಿನ ಹಿಂದಿನಿಂದ ಒಂದು ಸುತ್ತು ಬಂದ. ಒತ್ತುವಾಗ ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ಒತ್ತುತ್ತಿದ್ದ. ಕೊನೆಗೆ ಕೊಟ್ಟಿಗೆಗೆ ಹೋಗಿ ಸುತ್ತಿಗೆ ತಂದ.

ಬೊಮ್ಮಕ್ಕ ಫೋನು ಹಿಡಿದು ಬೀದಿ ಬಾಗಿಲಿಗೆ ಓಡಿದಳು. ಅವಳ ಮೈದುನ ಓಬಳರಾಜು ಎರಡು ಬೀದಿ ಆಚೆ ಇದ್ದ.

"ಓಬಳ್ರಾಜ, ಬೇಗ ಬಾರಪ್ಪ. ನಿಮ್ಮಣ್ಣ ಪಿಸ್ತೂಲಿಗೆ ಸುತ್ತಿಗೆ ಎತ್ಕೊಂಡವ್ನೆ!"

"ಅಯ್, ಪಿಸ್ತೂಲೇನ್ ಮಾಡ್ತದೆ ಅತ್ಗೆ ಅವನಿಗೆ?" ಓಬಳರಾಜು ನಕ್ಕ. "ತಡಿ, ಕದರಪ್ಪ ನಮ್ಮನೇಲೇ ಕೂತವ್ನೆ, ಕರ್ಕೊಂಡ್ ಬತ್ತೀನಿ. ಮಿಲ್ಟ್ರೀಲಿ ಇದೇ ಕೆಲ್ಸ ಅವಂದು."

ಓಬಳರಾಜು ಮತ್ತು ಪಿಸ್ತೂಲಿನ ಕಥೆ ಊರಿಗೆಲ್ಲ ಗೊತ್ತು. ಹೋದ ವರ್ಷ ಹುಣಸೆ ಬಡಿಯುವ ಕಾಲದಲ್ಲಿ, ಬದುವಿನ ಮೇಲಿರುವ ಮರ ಯಾರದು ಅಂತ ಅಣ್ಣತಮ್ಮಂದಿರಿಗೆ ಜಗಳ ಹತ್ತಿತು. ಓಬಳರಾಜು ಅಣ್ಣನನ್ನು ಕೇಳದೆ ಮರ ಹತ್ತಿಸಿ ಕಾಯಿ ಉದುರಿಸಿಬಿಟ್ಟಿದ್ದ. ಮಾತಿಗೆ ಮಾತು ಬೆಳೆದು ಮೂಡಲಗಿರಿಯಪ್ಪ ಮನೆಗೆ ಹೋಗಿ ಪಿಸ್ತೂಲು ತಂದು, ಮರದ ಕೆಳಗೆ ನಿಂತಿದ್ದ ತಮ್ಮನ ಎದೆಗೆ ಗುರಿ ಹಿಡಿದು ಎಳೆದೇಬಿಟ್ಟ. ಟಿಕ್ ಅಂತು. ಅಷ್ಟೇ. ಆಳುಕಾಳು ಎಲ್ಲ ಕಲ್ಲಾಗಿ ನಿಂತಿದ್ದರು. ಆಗ ಮೂಡಲಗಿರಿಯಪ್ಪ ಗಹಗಹಿಸಿ ನಕ್ಕು, "ಖಾಲಿ ಕಣ್ಲಾ, ಖಾಲಿ! ಉಚ್ಚೆ ಉಯ್ಕಂಡ್ಯಾ?" ಅಂದ. ಓಬಳರಾಜು ಕೂಡ ನಕ್ಕ. ಅವತ್ತೇ ಕಾಯಿ ಅರ್ಧರ್ಧ ಹಂಚಿಕೊಂಡರು. ಆಮೇಲೆ ಮದುವೆ, ನಾಮಕರಣ ಎಲ್ಲಿಗೆ ಹೋದರೂ ಓಬಳರಾಜು ಇದನ್ನು ನಟಿಸಿ ತೋರಿಸದೆ ಊಟಕ್ಕೆ ಏಳುತ್ತಿರಲಿಲ್ಲ.

ಬೈಕು ಬಂದು ನಿಂತಿತು. ಓಬಳರಾಜುವಿನ ಹಿಂದಿನಿಂದ ಇಳಿದ ಕದರಪ್ಪ ಪಾವಗಡದ ಕಡೆಯವನು. ಪಟ್ಟಾಳದಿಂದ ರಿಟೈರಾಗಿ ಮಧುಗಿರಿಯಲ್ಲಿ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂರುತ್ತಿದ್ದ. ಮೀಸೆಗೆ ಕಪ್ಪು ಬಳಿದಿದ್ದ. ಬಾಯಿ ಬಡಾಯಿಯದು. ಹಿತ್ತಲಿಗೆ ಬಂದವನೇ ಸುತ್ತಿಗೆ ನೋಡಿ ಕೂಗಿಕೊಂಡ.

"ಏಮಯ್ಯಾ, ಪಿಚ್ಚಿ ಪಟ್ಟಿಂದಾ ನಿನಗೆ? ಹುಚ್ಚಾ? ಇದೇನು ನೇಗಿಲ ಗುಳವಾ, ಸುತ್ತಿಗೇಲಿ ತಟ್ಟಾಕೆ? ಕೆಳಗಿಡು!"

ಮೂಡಲಗಿರಿಯಪ್ಪ ಕದರಪ್ಪನನ್ನು ನೋಡಲೇ ಇಲ್ಲ. ತಮ್ಮನನ್ನು ನೋಡುತ್ತಿದ್ದ.

"ನೀನ್ಯಾಕ್ ಬಂದ್ಯೋ? ನಿನ್ನನ್ಯಾರ್ ಕರೆದ್ರು? ಹೋಗು ಅತ್ಲಾಗೆ!"

"ಅತ್ಗೆ ಕರೀತು, ಬಂದ್ಬುಟ್ಟೆ. ಯಾಕಣ್ಣ, ಇನ್ನೊಂದ್ ಕಿತ ಟಿಕ್ ಅನ್ಸಾಕಾ?" ಓಬಳರಾಜು ನಗುತ್ತಾ ಹತ್ತಿರ ಬಂದ.

ಮೂಡಲಗಿರಿಯಪ್ಪ ಎದ್ದು ಅಡ್ಡ ನಿಂತ. ಪಿಸ್ತೂಲಿಗೂ ತಮ್ಮನಿಗೂ ನಡುವೆ, ಪಿಸ್ತೂಲಿಗೆ ಬೆನ್ನು ಕೊಟ್ಟು ನಿಂತ. ಅದರ ಬಾಯಿ ಗೋಡೆಯ ಕಡೆಗೇ ಇತ್ತು. ಆದರೂ ನಿಂತ. ಬೊಮ್ಮಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಕದರಪ್ಪ ಸ್ಟೂಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಮುಟ್ಟದೆ ಸುಮ್ಮನೆ ನೋಡಿದ. ಚಕ್ರದ ಹಿಂದೆ ಒಂದು ಸಣ್ಣ ಸಂದಿ ಇರುತ್ತದಂತೆ, ಅದರಲ್ಲಿ ನೋಡಿದರೆ ಗುಂಡಿದೆಯೋ ಇಲ್ಲವೋ ಕಾಣಬೇಕಂತೆ. ಆ ಸಂದಿ ಹಳದಿ ಮೇಣದಂತೆ ಏನೋ ತುಂಬಿಕೊಂಡು ಮುಚ್ಚಿಹೋಗಿತ್ತು. ಉಗುರಲ್ಲಿ ಕೆರೆದು ಮೂಸಿದ.

"ಇದಕ್ಕೆ ಏನ್ ಹಾಕ್ತಿದ್ರಿ?"

ಬೊಮ್ಮಕ್ಕನೇ ಹೇಳಿದಳು. "ಅಳ್ಳೆಣ್ಣೆ."

"ಹರಳೆಣ್ಣೆನಾ!"

"ಅಂಗಡೀದಲ್ಲ, ನಾನೇ ಬೇಯ್ಸಿ ತೆಗೆದಿದ್ದು. ಪೂಜೆ ದಿನ ತುಂಬ ಬುಡ್ತಿದ್ದೆ. ಮಗೀನ ನೆತ್ತಿಗೆ ಹಾಕೋ ಎಣ್ಣೆ, ಇದಕ್ಯಾಕಾಗಲ್ಲ?"

"ಅಯ್ಯೋ ತಲ್ಲೀ!" ಕದರಪ್ಪ ಹಣೆ ಚಚ್ಚಿಕೊಂಡ. "ಅದರ ಮೇಲೆ ಅರಿಶಿನ ಕುಂಕುಮ ಬೇರೆ! ಗಾರೆ ಕಲಸಿಟ್ಟಂಗೆ ಕಲಸಿಟ್ಟಿದ್ದೀಯಲ್ಲಮ್ಮ. ಅಡುಗೆ ಎಣ್ಣೆ, ದೀಪದ ಎಣ್ಣೆ ಯಾವುದೂ ಇದಕ್ಕಾಗಲ್ಲ. ಕಡಲೆಕಾಯಿ ಎಣ್ಣೆ ಅಂಟಾಗ್ತದೆ, ಕೊಬ್ಬರಿ ಎಣ್ಣೆ ಚಳೀಲಿ ಗಟ್ಟಿಯಾಗ್ತದೆ, ಹರಳೆಣ್ಣೆ ಒಣಗಿದ್ರೆ ವಾರ್ನಿಶ್ಶು. ಗ್ರೀಸು ಧೂಳು ಹಿಡೀತದೆ. ಆ ಸ್ಪ್ರೇ ನೋಡು, ಅದು ಒಳಕ್ಕೆಲ್ಲ ಹರಿದು ಗುಂಡಿನ ಮದ್ದನ್ನೇ ಕೆಡುಸ್ತದೆ. ನಿನ್ನ ಸಾಮಾನಲ್ಲಿ ಸೀಮೆಎಣ್ಣೆ ಒಂದೇ ಸರಿ. ಅದೂ ತೊಳೆಯಾಕೆ ಮಾತ್ರ. ತೊಳೆದು ಹಂಗೇ ಬುಟ್ರೆ ತುಕ್ಕು. ಆಮೇಲೆ ಬಂದೂಕಿನ ಎಣ್ಣೆ ಒಂದು ಹನಿ. ತೊಟ್ಟು ಕಾಣ್ತು ಅಂದ್ರೆ ಜಾಸ್ತಿಯಾಯ್ತು ಅಂತ ಲೆಕ್ಕ."

"ಗುಂಡು ಐತಾ ಒಳಗೆ?" ಬೊಮ್ಮಕ್ಕ ಕೇಳಿದಳು.

"ತೆರೆಯೋ ತನಕ ಐತೆ ಅಂತಲೇ ಅಮ್ಮ. ಪಟ್ಟಾಳದಲ್ಲಿ ಖಾಲಿ ಬಂದೂಕು ಅಂತ ಒಂದಿಲ್ಲ."

"ಖಾಲಿ ಅಂತ ಹೇಳ್ತಾ ಇಲ್ವೇನಯ್ಯ!" ಮೂಡಲಗಿರಿಯಪ್ಪ ಕಿರುಚಿದ. "ನನ್ನ ಪಿಸ್ತೂಲು, ನಾನು ತೆಗೀತೀನಿ. ನಡೀರಿ ಎಲ್ರೂ!"

"ಅಂಗಂತ ಸುತ್ತಿಗೇಲಿ ಹೊಡೀತೀಯಾ?" ಬೊಮ್ಮಕ್ಕ ತನಗೇ ತಿಳಿಯದೆ ಗಂಟಲೆತ್ತಿದಳು. "ಹೊಡಿ ನೋಡಾನ! ಈ ಮನೇಲಿ ನಾನಿರ್ಬೇಕು, ಇಲ್ಲ ಅದಿರ್ಬೇಕು. ಕದರಪ್ಪಣ್ಣ ತೆಗೀಲಿ, ನೀನ್ ಕೂತ್ಕೊ ಸುಮ್ಕೆ."

ಕೂಗಿದ್ದು ಕೋಪಕ್ಕಲ್ಲ, ಭಯಕ್ಕೆ. ಆದರೆ ಅವನು ಕೂತ. ಹಾಗೆ ತಾನು ಹೇಳಿದ ಕೂಡಲೇ ಅವನು ಕೂತದ್ದು ಅವಳನ್ನು ಇನ್ನೂ ಹೆದರಿಸಿತು.

ಬಚ್ಚಲು ಕಟ್ಟಿಸಲು ತಂದಿದ್ದ ಮರಳು ಹಿತ್ತಲ ಮೂಲೆಯಲ್ಲಿ ಗುಡ್ಡೆಯಾಗಿತ್ತು. ಕದರಪ್ಪ ಪಿಸ್ತೂಲಿನ ಬಾಯಿಯನ್ನು ಆ ಮರಳಿಗೆ ಗುರಿಯಿಟ್ಟು, ಕೆಳಗೆ ಎರಡು ಇಟ್ಟಿಗೆ ಕೊಟ್ಟು ಮಲಗಿಸಿದ. ಹಳೇ ಹಲ್ಲುಜ್ಜುವ ಬ್ರಷ್ಷು ಕೇಳಿ ತೆಗೆದುಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿ, ಪಕ್ಕದಲ್ಲಿ ಕೂತು, ಕೊಕ್ಕೆಯ ಸುತ್ತ, ಚಕ್ರದ ಸಂದಿಗೆ ಸವರಿದ. ಸುರಿಯಲಿಲ್ಲ, ಸವರಿದ. ಸವರಿ ಬಿಟ್ಟು, ಮತ್ತೆ ಸವರಿದ. ಹಳದಿ ನೀರು ಸಣ್ಣಗೆ ಇಳಿಯತೊಡಗಿತು. ನೆನೆಯಬೇಕು, ಅವಸರ ಮಾಡಿದರೆ ಕೆಡುತ್ತದೆ ಅಂದ.

ಬೊಮ್ಮಕ್ಕ ಕಾಫಿ ಮಾಡಿ ತಂದಳು. ಲೋಟದ ಮೇಲೆ ಲೋಟ ಗಲಗಲ ಅಂದದ್ದನ್ನು ಸೆರಗಿನಲ್ಲಿ ಅಮುಕಿಕೊಂಡಳು. ಓಬಳರಾಜು ಕಾಫಿ ಕೈಗೆ ಸಿಕ್ಕಿದ್ದೇ ಶುರು ಮಾಡಿದ.

"ಕದರಪ್ಪ, ಇದರ ಕತೆ ಗೊತ್ತಾ ನಿಂಗೆ? ನನ್ನ ಮ್ಯಾಲೇ ಬುಟ್ಟವ್ನೆ ನಮ್ಮಣ್ಣ! ನಾನು ಇಂಗೆ ನಿಂತಿವ್ನಿ, ಹುಣ್ಸೆಮರದ ಕೆಳಗೆ. ಇವನು ಇಂಗೆ ಬಂದ, ಕಣ್ಣು ಕೆಂಡ. ಇಂಗೆ ಹಿಡ್ದ. ನಾನು ಮನೆದೇವರನ್ನ ನೆನೆಯಾಕೂ ಪುರುಸೊತ್ತಿಲ್ಲ, ಎಳ್ದೇಬುಟ್ಟ. ಟಿಕ್! ನೋಡಿದ್ರೆ ಖಾಲಿ. ಎಂಥ ನಟನೆ ಅಂತೀಯ? ನನ್ನ ಪಂಚೆ ಮಾತ್ರ ಒದ್ದೆ!"

ಕದರಪ್ಪ ನಗಲಿಲ್ಲ. "ಯಾವಾಗ?" ಅಂದ.

"ಹೋದ ವರ್ಸ. ಯಾಕೆ?"

"ಸುಮ್ಕೆ ಕೇಳ್ದೆ."

ಈ ಕಥೆಗೆ ಯಾವಾಗಲೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮೂಡಲಗಿರಿಯಪ್ಪ. ಇವತ್ತು ಅವನು ಕಾಫಿ ಲೋಟದೊಳಗೆ ಏನೋ ಬಿದ್ದಿದೆಯೇನೋ ಅನ್ನುವಂತೆ ಅದನ್ನೇ ನೋಡುತ್ತಿದ್ದ. ಆ ಮರಳಿನ ಗುಡ್ಡೆ ಯಾವ ಗಳಿಗೆಯಲ್ಲಿ ಢಂ ಅನ್ನುತ್ತದೋ ಅಂತ ಬೊಮ್ಮಕ್ಕ ಕಾಯುತ್ತಿದ್ದಳು. ಢಂ ಅಂದರೂ ಪರವಾಗಿಲ್ಲ, ತೆರೆಯದೇ ಇರಲಿ ಅಂತಲೂ ಒಂದು ಮನಸ್ಸು. ಹಾಗೆ ಯಾಕೆ ಅನ್ನಿಸಿತು ಅಂತ ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಲು ಹೆದರಿದಳು.

ಓಬಳರಾಜುವಿನ ಫೋನು ಬಡಿದುಕೊಂಡಿತು. ಹಿಂಡಿ ಬೂಸಾ ತಂದ ಗಾಡಿಯವನು ಮನೆ ಗುರುತು ಸಿಗದೆ ಬೀದಿ ತುದಿಯಲ್ಲಿ ನಿಂತಿದ್ದನಂತೆ. "ಬಂದೆ ತಡಿ," ಅನ್ನುತ್ತಾ ಅವನು ಎದ್ದು ಹೊರಗೆ ಹೋದ.

ಕದರಪ್ಪ ಪಿಸ್ತೂಲಿನ ಪಕ್ಕಕ್ಕೆ ಸರಿದು, ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಕೊಕ್ಕೆಯನ್ನು ಒತ್ತಿದ. ಅದು ಕಿರ್ ಅಂತು. ಇನ್ನೊಂದು ಸಲ ಸವರಿ, ಉಸಿರು ಹಿಡಿದು ಒತ್ತಿದ. ಕಟಕ್ ಅಂತ ಬಿಟ್ಟಿತು. ನಳಿಗೆ ಮುಂದಕ್ಕೆ ಬಾಗಿತು, ಚಕ್ರ ಬಾಯಿ ಬಿಟ್ಟಿತು.

ಆರು ಗುಂಡು. ಆರೂ ಇದ್ದವು.

ಕದರಪ್ಪ ಒಂದೊಂದಾಗಿ ಗುಂಡುಗಳನ್ನು ಬಿಡಿಸಿ ಪಂಚೆಯ ಮೇಲೆ, ಬೆನ್ನು ತನ್ನ ಕಡೆಗೆ ಮಾಡಿ ಮಲಗಿಸಿದ. ಹಿತ್ತಾಳೆಯ ದುಂಡು ಬೆನ್ನುಗಳು ಬಿಸಿಲಿಗೆ ಹೊಳೆದವು. ಒಂದನ್ನು ಮಲಗಿಸದೆ ಕೈಯಲ್ಲೇ ಹಿಡಿದ. ಕಣ್ಣಿನ ಹತ್ತಿರ ತಂದ. ಆಮೇಲೆ ಬೊಮ್ಮಕ್ಕನ ಕಡೆ ಹಿಡಿದ. ಅದರ ಬೆನ್ನಿನ ನಡುವೆ, ಸಾಸಿವೆ ಕಾಳಿನಷ್ಟು, ಒಂದು ತಗ್ಗು.

"ಇದನ್ನ ಹೊಡೆದವ್ರೆ," ಅಂದ. ಅವನ ದನಿಯಲ್ಲಿ ಬಡಾಯಿ ಇರಲಿಲ್ಲ. "ಹಿಂದಿನಿಂದ ಬಡಿಯೋ ಕುದುರೆ ಬಂದು ಗುಂಡಿನ ಬೆನ್ನಿಗೆ ಬಿದ್ದೈತೆ. ಆದ್ರೆ ಜೋರಾಗಿ ಬಿದ್ದಿಲ್ಲ. ಒಳಗೆಲ್ಲ ಅಂಟು. ಕೆಸರಲ್ಲಿ ನಡೆದಂಗೆ ಬಂದು ಬಿದ್ದೈತೆ. ತಟ್ಟಿತು, ಹತ್ತಿಕೊಳ್ಳಲಿಲ್ಲ. ಟಿಕ್ ಅಂದಿರ್ತದೆ."

"ಅದು ಅಪ್ಪನ ಕಾಲದ್ದು," ಅಂದ ಮೂಡಲಗಿರಿಯಪ್ಪ.

ಬೊಮ್ಮಕ್ಕ ಗಂಡನನ್ನು ನೋಡಿದಳು. ಹಿಂದಿನ ಚುನಾವಣೆಯಲ್ಲಿ ಇದೇ ಹಿತ್ತಲಲ್ಲಿ ಅವನು ಅದನ್ನು ಖಾಲಿ ಮಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಪ್ಪನ ಕಾಲದ್ದಲ್ಲ. ಹುಣಸೆ ಬಡಿಯುವ ಕಾಲದ್ದು. ಆರೂ ತುಂಬಿಕೊಂಡು ಮನೆಯಿಂದ ಹೋಗಿದ್ದ. ಖಾಲಿ ಕಣ್ಲಾ ಅಂತ ನಕ್ಕದ್ದು ಆಮೇಲೆ ಹೊಳೆದ ಮಾತು. ಒಂದು ವರ್ಷ ಅದನ್ನು ಯಾರಿಗೂ ತೆರೆಯಗೊಡದೆ, ತಾನೂ ತೆರೆಯದೆ ಬೀರುವಿನಲ್ಲಿ ಇಟ್ಟುಕೊಂಡಿದ್ದ. ಅದರ ಪಕ್ಕದಲ್ಲೇ ಮಂಚ. ಆ ಮಂಚದ ಮೇಲೆ ಅವಳು ಮಲಗುತ್ತಿದ್ದಳು.

ಹಜಾರದಲ್ಲಿ ಓಬಳರಾಜುವಿನ ಚಪ್ಪಲಿ ಸದ್ದು ಕೇಳಿತು. ಅವಳಿಗೆ ಯೋಚನೆ ಮಾಡಲು ಹೊತ್ತಿರಲಿಲ್ಲ. ಕದರಪ್ಪನ ಕೈಯಿಂದ ಆ ಗುಂಡನ್ನು ಕಿತ್ತು, ಉಳಿದವನ್ನೂ ಸೇರಿಸಿ ಪಂಚೆಯನ್ನು ಗಂಟು ಹಾಕಿ ಮಡಿಲಿಗೆ ಎಳೆದುಕೊಂಡು ಕೂತಳು.

"ಬುಡ್ತಾ ಕೊಕ್ಕೆ? ಏನಿತ್ತು ಅತ್ಗೆ ಒಳಗೆ?"

ಕದರಪ್ಪ ಆಕಾಶ ನೋಡಿದ. ಮೂಡಲಗಿರಿಯಪ್ಪ ನೆಲ ನೋಡಿದ. ಇವತ್ತು ನಿಜ ಹೇಳಿದರೆ ನಾಳೆ ಎರಡು ಮನೆಯಲ್ಲಿ ಯಾವುದು ಉಳಿಯುತ್ತದೆ, ಯಾರು ಯಾರ ಮೇಲೆ ಏನು ಎತ್ತಿಕೊಂಡು ಬರುತ್ತಾರೆ? ಬೊಮ್ಮಕ್ಕನಿಗೆ ಎಲ್ಲವೂ ಒಂದೇ ಸಲ ಕಣ್ಣಿಗೆ ಕಟ್ಟಿತು.

"ಏನಿರ್ತದಪ್ಪ," ಅಂದಳು. "ಖಾಲಿ."

"ನಾ ಹೇಳ್ಲಿಲ್ವಾ!" ಓಬಳರಾಜು ತೊಡೆ ತಟ್ಟಿ ನಕ್ಕ. "ಸುಮ್ಕೆ ಕೋಳಿ ಮೇಕೆಗೆಲ್ಲ ಕಾಟ ಕೊಟ್ಟ ನಮ್ಮಣ್ಣ. ಖಾಲಿಗೆ ಹೆದರ್ಕೊಂಡು ನಿಂತವ್ರಲ್ಲ ನೀವೆಲ್ಲ, ನಾನೇ ಹೆದರ್ಲಿಲ್ಲ!"

ಅವನ ನಗು ಕೇಳಲಾಗದೆ ಅವಳು ಒಳಗೆದ್ದು ಹೋದಳು. ಮಡಿಲಲ್ಲಿ ಗುಂಡುಗಳು ಒಂದಕ್ಕೊಂದು ತಾಕಿ ಸಣ್ಣಗೆ ಸದ್ದು ಮಾಡಿದವು.

ಕದರಪ್ಪ ಪಿಸ್ತೂಲನ್ನು ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ನಳಿಗೆಯೊಳಗೆ ಬ್ರಷ್ಷು ಆಡಿಸಿ, ಬ್ಯಾಂಕಿನ ಬಂದೂಕಿಗೆ ಅಂತ ಬೈಕಿನಲ್ಲಿ ಇಟ್ಟುಕೊಂಡಿದ್ದ ಸಣ್ಣ ಬಾಟಲಿಯಿಂದ ಎಣ್ಣೆ ತೊಟ್ಟಿಕ್ಕಿಸಿದ. ಹೊರಡುವಾಗ ಆ ಬಾಟಲಿಯನ್ನು ಬೊಮ್ಮಕ್ಕನ ಕೈಗೇ ಕೊಟ್ಟ. ಓಬಳರಾಜು ಬೈಕು ಒದೆಯುತ್ತಿದ್ದ. ಕದರಪ್ಪ ದನಿ ತಗ್ಗಿಸಿದ.

"ಅಕ್ಕಾ, ಆ ತಗ್ಗು ಬಿದ್ದ ಗುಂಡು ಮನೇಲಿಟ್ಕೊಬೇಡಿ, ಠಾಣೆಗೆ ಕೊಟ್ಬುಡಿ. ಇನ್ಮೇಲೆ ಈ ಎಣ್ಣೆ ಒಂದೇ ಹಾಕಿ." ಅವನು ಹಿತ್ತಲ ಕಡೆ ಒಮ್ಮೆ ನೋಡಿದ. "ಇದು ಹಾಕಿದ್ರೆ ಇನ್ನೊಂದ್ ಸಲ ತಪ್ಪಾಕಿಲ್ಲ."

ಅವನು ಅಂದದ್ದು ಬುದ್ಧಿಮಾತೋ ಎಚ್ಚರಿಕೆಯೋ ಅವಳಿಗೆ ಗೊತ್ತಾಗಲಿಲ್ಲ.

ಪಿಸ್ತೂಲೂ ಗುಂಡೂ ಠಾಣೆಗೆ ಹೋದವು. ಚುನಾವಣೆ ಮುಗಿಯಿತು. ಗಂಡ ಹೆಂಡತಿ ಆ ದಿನದ ಮಾತೆತ್ತಲಿಲ್ಲ. ಒಂದೇ ಒಂದು ಸಲ, ಮುದ್ದೆ ಬಡಿಸುತ್ತಾ, "ಅದನ್ನ ವಾಪಸ್ ತರಬ್ಯಾಡ" ಅಂದಳು. ಅವನು ಉಂಡು ಕೈ ತೊಳೆಯಲು ಎದ್ದ. ಠಾಣೆಯವರು ಕರೆದು ಕೊಟ್ಟರು, ತಂದ. ಅಪ್ಪನ ಹೆಸರಿನದು, ಬಿಟ್ಟರೆ ಊರು ಏನಂದೀತು? ಗುಂಡಿನ ಹೊಸ ಪೆಟ್ಟಿಗೆಯೂ ಬೀರು ಸೇರಿತು. ಬೊಮ್ಮಕ್ಕ ಮಂಚವನ್ನು ನಡುಮನೆಗೆ ಎಳೆಸಿಕೊಂಡಳು. ಬದುವಿನ ಹುಣಸೆ ಈ ಸಲ ಕೊಂಬೆ ಬಾಗುವಷ್ಟು ಕಾಯಿ ಕಚ್ಚಿತ್ತು. ಅರ್ಧ ನಮ್ಮದು ಅಂತ ಓಬಳರಾಜು ಆಗಲೇ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಆಯುಧಪೂಜೆ ಬಂತು. ಟ್ರ್ಯಾಕ್ಟರಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆಯಲು ಓಬಳರಾಜು ಅಂಗಳದಲ್ಲಿ ಕಾಯುತ್ತಿದ್ದ. ದೇವರ ಮುಂದೆ ನೇಗಿಲು, ಕುಡುಗೋಲು, ಪಿಸ್ತೂಲು. ಬೊಮ್ಮಕ್ಕ ಕದರಪ್ಪ ಕೊಟ್ಟ ಬಾಟಲಿ ಹಿಡಿದು ಕೂತಳು. ಬೆಳಿಗ್ಗೆಯೇ ಅದರಲ್ಲಿದ್ದುದನ್ನು ಬಚ್ಚಲಿಗೆ ಚೆಲ್ಲಿ, ಮಡಕೆಯಿಂದ ತನ್ನ ಎಣ್ಣೆ ತುಂಬಿದ್ದಳು. ಚಕ್ರದ ಸಂದಿಗೆ ದಾರದಂತೆ ಬಿಡತೊಡಗಿದಾಗ ಹಿಂದೆ ನೆರಳು ಬಿತ್ತು.

"ಯಾವ ಎಣ್ಣೆ ಅದು?"

ಅವಳ ಕೈ ನಿಂತಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. "ಕದರಪ್ಪ ಕೊಟ್ಟಿದ್ದೇ."

ಮೂಡಲಗಿರಿಯಪ್ಪ ಬಗ್ಗಿದ. ಹೊಸದಾಗಿ ಬೇಯಿಸಿ ತೆಗೆದ ಹರಳೆಣ್ಣೆಯ ವಾಸನೆ ಯಾವ ಬಾಟಲಿಯಲ್ಲಿಟ್ಟರೂ ಮುಚ್ಚುವುದಲ್ಲ. ಅವನ ಉಸಿರು ಅವಳ ಕಿವಿಯ ಹತ್ತಿರ ಒಂದು ಗಳಿಗೆ ನಿಂತಿತು. ಅಂಗಳದಿಂದ ಓಬಳರಾಜು, "ಅಣ್ಣಾ, ಬೇಗ ಬಾರೋ, ಕಾಯಿ ಒಡೆಯಾನ," ಅಂತ ಕೂಗಿದ.

ಮೂಡಲಗಿರಿಯಪ್ಪ ಆ ದನಿ ಬಂದ ಕಡೆ ನೋಡಿದ. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡ. ಹುಣಸೆಮರದ ಕೆಳಗೆ ಎಳೆದದ್ದು ಅದೇ ಕೈ.

"ಕೊಕ್ಕೆಗೂ ಬುಡು," ಅಂದ. "ವಸಿ ಜಾಸ್ತಿನೇ ಬುಡು."